ಎಡಕ್ಕೆ ಗೋಡೆ, ಬಲಕ್ಕೆ ಮೆಟ್ಟಿಲು

ಮುಂದಿನ ಸೀಟಿನ ಮನುಷ್ಯ ಕಿಟಕಿಯ ಕಡೆ ತಿರುಗಿ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಾನೆ, ಗಂಟಲಿನ ಉಬ್ಬು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ — ಸರಾಗವಾಗಿದೆ, ಎರಡು ಕಡೆಯೂ ಸಮ, ಗಡ್ಡೆ ಇಲ್ಲ, ಊತ ಇಲ್ಲ, ಇವನಿಗೇನೂ ಆಗಿಲ್ಲ, ಮನೆಗೆ ಹೋಗಬಹುದು. ಕಿವಿ-ಮೂಗು-ಗಂಟಲಿನ ಪೀಜಿ ಸೇರಿದ ಎರಡೂವರೆ ವರ್ಷದಿಂದ ಹೀಗೇ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ಎದುರಿಗೆ ಬಂದವರ ಕುತ್ತಿಗೆ ಮೊದಲು ಕಾಣುತ್ತದೆ, ಆಮೇಲೆ ಕಿವಿ, ಆಮೇಲೆ ಮೂಗು, ಮುಖ ಅಂತ ಒಟ್ಟಾಗಿ ಕಾಣುವ ಹೊತ್ತಿಗೆ ಅವರು ದಾಟಿ ಹೋಗಿರುತ್ತಾರೆ. ಕಂಡಕ್ಟರ್ ಬಂದು ಎಲ್ಲಿಗಮ್ಮ ಅಂದ, ಹಾಸನ ಅಂದೆ, ಆಧಾರ್ ತೋರಿಸಿದೆ, ಶೂನ್ಯದ ಟಿಕೆಟ್ ಹರಿದುಕೊಟ್ಟ. ಮಲ್ಲಿಪಟ್ಟಣ ಬಿಟ್ಟ ಮೇಲೆ ನಾನಾಡಿದ ಮೊದಲ ಮಾತು ಇದು, ಹಾಸನ ಅನ್ನುವುದು, ಮಲ್ಲಿಪಟ್ಟಣದಿಂದ ಅರಕಲಗೂಡಿನವರೆಗೆ ಒಂದು ಬಸ್ಸು, ಆ ಕಂಡಕ್ಟರ್ ಕೇಳದೆಯೇ ಟಿಕೆಟ್ ಕೊಟ್ಟಿದ್ದ, ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ, ಈಗ ಇದು, ಇಷ್ಟೂ ಹೊತ್ತು ಬಾಯಿ ಬಿಟ್ಟಿಲ್ಲ. ಹೊಸದೇನಲ್ಲ. ಹಾಸ್ಟೆಲಿನ ರೂಮಿನಲ್ಲಿ ಭಾನುವಾರಗಳು ಹೀಗೇ ಹೋಗುತ್ತವೆ, ಸಂಜೆ ಟೀ ಹೇಳುವಾಗ ನನ್ನ ದನಿ ನನಗೇ ಯಾರದೋ ಅನ್ನಿಸುತ್ತದೆ. ವಾರವಿಡೀ ಮಾತಾಡುತ್ತೇನಲ್ಲ, ಬಾಯಿ ತೆಗೀರಿ, ನಾಲಿಗೆ ಚಾಚಿ, ಆ ಅನ್ನಿ, ಈ ಅನ್ನಿ, ಉಗುಳು ನುಂಗಿ — ದಿನಕ್ಕೆ ನೂರು ಜನರಿಗೆ ಹೇಳುತ್ತೇನೆ, ನೂರು ಜನವೂ ಆ ಅನ್ನುತ್ತಾರೆ, ಅದನ್ನು ಮಾತುಕತೆ ಅನ್ನುವುದಾದರೆ ನನಗೇನೂ ಕಡಿಮೆಯಿಲ್ಲ. ಮಡಿಲಲ್ಲಿ ಬ್ಯಾಗು, ಬ್ಯಾಗಿನೊಳಗೆ ಒಂದು ಯಂತ್ರದ ಪೆಟ್ಟಿಗೆ, ನನ್ನ ರೋಗಿ ಸಣ್ಣಯ್ಯನವರಿಗೆ ಕೊಟ್ಟು ಬರಲು ಒಯ್ದದ್ದು, ಹೋದ ಹಾಗೇ ವಾಪಸ್ಸು ಬರುತ್ತಿದೆ, ಬಸ್ಸು ಕುಲುಕಿದಾಗ ಮಂಡಿಗೆ ಅದರ ಮೂಲೆ ಒತ್ತುತ್ತದೆ.

ಸಣ್ಣಯ್ಯ, ಹೆಂಡತಿ ಮಲ್ಲಿಗಮ್ಮ ಇಬ್ಬರೂ ಹಾಸನದ ನಮ್ಮ ಆಸ್ಪತ್ರೆಯ ಓಪಿಡಿಗೆ ಬಂದದ್ದು ಜುಲೈನಲ್ಲಿ, ಕೈ ಕೈ ಹಿಡಿದುಕೊಂಡು ಬಂದಿದ್ದರು, ಅರವತ್ತು ದಾಟಿದ ಗಂಡಹೆಂಡತಿ ಹಾಗೆ ಕೈ ಹಿಡಿದು ಬರುವುದನ್ನು ಕಂಡು ಪಕ್ಕದ ಮೇಜಿನ ಜಿತೇಂದ್ರ — ಇಬ್ಬರೂ ಒಂದೇ ಬ್ಯಾಚಿನ ಪೀಜಿಗಳು, ಅವನು ನನ್ನ ಹಾಗಲ್ಲ, ಯಾರ ಜೊತೆಗಾದರೂ ನಗುತ್ತಾನೆ — ನೋಡು ರಂಜಿನಿ, ಲವ್ ಮ್ಯಾರೇಜ್ ಇರಬೇಕು ಅಂದ, ನಾನೂ ನಕ್ಕೆ, ನಕ್ಕೆ ಅಷ್ಟೇ, ನೋಡಲಿಲ್ಲ. ಸಣ್ಣಯ್ಯ, ಮಲ್ಲಿಪಟ್ಟಣದ ಹತ್ತಿರದವರು, ಕೊಣನೂರು ಕಡೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗಳಲ್ಲಿ ಮೂವತ್ತು ವರ್ಷ ಒಲೆಗೆ ಸೌದೆ ಹಾಕಿದವರು, ಜೊತೆಗೆ ಬೀಡಿ, ನಾಲ್ಕು ತಿಂಗಳಿಂದ ದನಿ ಒಡೆದಿದೆ. ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರೆ ಬಲಗಡೆ ಧ್ವನಿಪೆಟ್ಟಿಗೆಯ ಮೇಲೆ ಹೂಕೋಸಿನಂಥದ್ದು ಕೂತಿತ್ತು, ಆ ಕಡೆಯ ತಂತು ಅಲುಗುತ್ತಲೇ ಇರಲಿಲ್ಲ, ನೋಡುತ್ತಲೇ ನನಗೆ ಗೊತ್ತಾಯಿತು, ಕ್ಯಾನ್ಸರ್. ಬಯಾಪ್ಸಿ ಬರುವವರೆಗೆ ವಾರ್ಡಿನಲ್ಲಿದ್ದರು, ಆ ಒಡೆದ ದನಿಯಲ್ಲೇ ಇಡೀ ದಿನ ಹೆಂಡತಿಯ ಕಿವಿಯ ಹತ್ತಿರ ಏನಾದರೂ ಹೇಳುತ್ತಲೇ ಇರುತ್ತಿದ್ದರು, ನಾನು ರೌಂಡ್ಸಿಗೆ ಬಂದರೆ ಡಾಕ್ಟ್ರವ್ವ ಬಂದವ್ಳೆ, ಅಸ್ರು ಬಟ್ಟೆ ಆಕವ್ಳೆ, ಚಪ್ಪರದಾಗೆ ನಿಂತಂಗೆ ನಿಂತವ್ಳೆ ಅನ್ನುತ್ತಿದ್ದರು, ಮಲ್ಲಿಗಮ್ಮ ನಗುತ್ತಿದ್ದರು. ತಾತ, ಗಂಟಲಿಗೆ ವಿಶ್ರಾಂತಿ ಕೊಡಿ, ಯಾಕಿಷ್ಟು ಮಾತಾಡ್ತೀರಿ ಅಂತ ನಾನು ಎರಡು ಸಲ ಗದರಿದೆ. ಅವರು ಆಗಲಿ ಕಣವ್ವ ಅಂದು ಐದು ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡುತ್ತಿದ್ದರು, ಇಡ್ಲಿ ತಂದವ್ರೆ, ಎಲ್ಡೈತೆ, ಚಟ್ನಿ ಎಡಗಡೀಕೈತೆ. ಬಾಯಿಬಡುಕ ಮುದುಕ ಅಂದುಕೊಂಡೆ. ಮೂರು ದಿನ ಅವರ ಮಾತು ಕೇಳಿಯೂ ನನಗೆ ಹೊಳೆಯಲಿಲ್ಲ. ಅವರ ಕುತ್ತಿಗೆಯನ್ನು ಮಾತ್ರ ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದೆ.

ರಿಪೋರ್ಟು ಬಂದ ದಿನ ನಮ್ಮ ಪ್ರೊಫೆಸರ್ ಪಂಚಾಕ್ಷರಯ್ಯ ಸರ್ ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಇದು ಎರಡು ದಾರಿಯ ಕೇಸು ಅಂದರು, ಧ್ವನಿಪೆಟ್ಟಿಗೆ ಪೂರ್ತಿ ತೆಗೆದುಬಿಡೋದು ಒಂದು, ಮೈಸೂರಿಗೆ ಕಳಿಸಿ ಏಳು ವಾರ ರೇಡಿಯೇಶನ್ ಕೊಡಿಸೋದು ಇನ್ನೊಂದು, ಅದರಲ್ಲಿ ದನಿ ಉಳಿಯಬಹುದು, ರೋಗ ಮರಳಿದರೆ ಆಮೇಲೆ ತೆಗೆಯಬೇಕಾಗುತ್ತೆ, ಎರಡನ್ನೂ ಬಿಡಿಸಿ ಹೇಳಿ, ಅವರೇ ಆರಿಸಿಕೊಳ್ಳಲಿ, ಕೂರಿಸಿಕೊಂಡು ಹೇಳಿ ರಂಜಿನಿ. ಕೂರಿಸಿಕೊಂಡೇ ಹೇಳಿದೆ. ಆಪರೇಷನ್ನಿನ ಬಗ್ಗೆ ಹತ್ತು ನಿಮಿಷ ಹೇಳಿದೆ, ಕಾಗದದ ಮೇಲೆ ಚಿತ್ರ ಬರೆದು, ಧ್ವನಿಪೆಟ್ಟಿಗೆ ತೆಗೆದು ಉಸಿರಿನ ಕೊಳವೆಯನ್ನು ಕುತ್ತಿಗೆಯ ಮುಂದೆ ತಂದು ಹೊಲಿಯುತ್ತೇವೆ, ಅಲ್ಲಿಂದಲೇ ಉಸಿರಾಟ, ಮಾತು ಹೋಗುತ್ತೆ, ಆದರೆ ನೀವು ಓದು ಬರಹ ಬಲ್ಲವರು, ಬರೆದು ತೋರಿಸಬಹುದು. ರೇಡಿಯೇಶನ್ ಬಗ್ಗೆ ಒಂದು ವಾಕ್ಯ — ಇಲ್ಲಾಂದ್ರೆ ಮೈಸೂರಿನಲ್ಲಿ ಏಳು ವಾರ ಕರೆಂಟು ಇಡಿಸಬೇಕು, ದಿನಾ ಹೋಗಬೇಕು, ಆಗುತ್ತಾ ತಾತ. ದನಿ ಉಳಿಯಬಹುದು ಅನ್ನುವುದನ್ನು ಹೇಳಿದೆನಾ, ಹೇಳಿದೆ, ಕೊನೆಯಲ್ಲಿ, ಫೈಲು ಮುಚ್ಚುತ್ತ. ಇವ್ಳ ಬುಟ್ಟು ಏಳ್ ವಾರ ಎಂಗವ್ವ ಇರನ ಅಂದರು ಅವರು. ಅಲ್ಲಿ ರೋಗಿಯ ಜೊತೆ ಒಬ್ಬರು ಉಳಿದುಕೊಳ್ಳುವುದಕ್ಕೆ ಜಾಗ ಕೊಡುತ್ತಾರೆ, ಹೋದ ವರ್ಷ ಪಾಪಯ್ಯ ಅನ್ನುವವರು ಹೆಂಡತಿಯ ಸಮೇತ ಹೋಗಿ ಇದ್ದು ಬಂದಿದ್ದರು, ನಾನೇ ಚೀಟಿ ಬರೆದುಕೊಟ್ಟಿದ್ದೆ, ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಯಾಕೆಂದರೆ — ಈ ಬಸ್ಸಿನಲ್ಲಿ ಯಾರಿದ್ದಾರೆ, ಯಾರಿಗೆ ಕೇಳಿಸುತ್ತದೆ — ನನಗೆ ಆ ಆಪರೇಷನ್ ಬೇಕಾಗಿತ್ತು. ನಾನು ಸೇರಿದ ಮೇಲೆ ಅಂಥದ್ದು ಎರಡೇ ಆಗಿದ್ದವು, ಒಂದು ಸಲ ನಾನು ಅನಸ್ತೇಷಿಯಾ ಪೋಸ್ಟಿಂಗಿನಲ್ಲಿದ್ದೆ, ಇನ್ನೊಂದು ಸಲ ಹೊಳೆನರಸೀಪುರದ ಶ್ರವಣ ತಪಾಸಣೆಯ ಕ್ಯಾಂಪಿಗೆ ಕಳಿಸಿದ್ದರು, ಇದೂ ತಪ್ಪಿದರೆ ಪುಸ್ತಕದಲ್ಲಿ ಮಾತ್ರ ನೋಡಿದವಳಾಗಿ ಪಾಸಾಗಿ ಹೊರಗೆ ಬೀಳುತ್ತಿದ್ದೆ. ಸುಳ್ಳು ಹೇಳಲಿಲ್ಲ, ಒಂದೂ ಸುಳ್ಳು ಹೇಳಲಿಲ್ಲ, ಒಂದು ಕಡೆಗೆ ಹೆಚ್ಚು ಹೊತ್ತು ನಿಂತೆ ಅಷ್ಟೆ. ಒಪ್ಪಿಗೆ ಪತ್ರಕ್ಕೆ ಸಣ್ಣಯ್ಯ ಸಹಿ ಹಾಕಿದರು, ಸಾಕ್ಷಿಯ ಜಾಗಕ್ಕೆ ಹೆಂಡತಿ. ಮಲ್ಲಿಗಮ್ಮ ಹೆಬ್ಬೆಟ್ಟನ್ನು ಗಾಳಿಯಲ್ಲಿ ಚಾಚಿ ಕಾಯುತ್ತಿದ್ದರು, ನಾನೇ ಹಿಡಿದು ಇಂಕಿಗೆ ಅದ್ದಿ, ನಾನೇ ಕಾಗದದ ಮೇಲೆ ಒತ್ತಿಸಿದೆ. ಓದಿಲ್ಲದ ಹೆಂಗಸು, ಎಲ್ಲಿ ಒತ್ತಬೇಕು ಗೊತ್ತಿಲ್ಲ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಟ್ರಾಲಿ ನಿಂತಿತ್ತು, ನಾನು ಟೋಪಿ ಕಟ್ಟಿಕೊಳ್ಳುತ್ತಿದ್ದೆ, ಒಳಗೆ ಕರೀತಿದಾರೆ ಬನ್ನಿ ಬನ್ನಿ ಅನ್ನುತ್ತಿದ್ದೆ, ಅವರು ಅರ್ಧ ಎದ್ದು ಹೆಂಡತಿಯ ಕೈ ಹಿಡಿದು ಹೇಳಿದರು, ಇಲ್ಲೇ ಬೆಂಚೈತೆ ಕುಂತ್ಕ, ಎಡಕ್ಕೆ ಗ್ವಾಡೆ ಐತೆ, ಬಲಕ್ಕೆ ಮಾತ್ರ ಓಗ್ಬ್ಯಾಡ, ಮೆಟ್ಲೈತೆ, ನಾಕು. ಅಷ್ಟೇ. ಅದೇ ಕೊನೆಯದು. ಮನುಷ್ಯನೊಬ್ಬ ಅರವತ್ತು ವರ್ಷ ಆಡಿದ ಮಾತಿನ ಕೊನೆಯದು, ಬಲಕ್ಕೆ ಓಗ್ಬ್ಯಾಡ, ಮೆಟ್ಲೈತೆ, ನಾಕು, ಅದನ್ನು ಕೇಳಿಸಿಕೊಂಡವರು ಇಬ್ಬರೇ, ಅವರ ಹೆಂಡತಿ ಮತ್ತು ಟೋಪಿಯ ದಾರ ಕಟ್ಟಿಕೊಳ್ಳುತ್ತಿದ್ದ ನಾನು. ಒಳಗೆ ಐದು ಗಂಟೆ. ಸರ್ ಧ್ವನಿಪೆಟ್ಟಿಗೆಯನ್ನು ಬಿಡಿಸಿ ತಟ್ಟೆಗೆ ಹಾಕಿದರು, ಸಣ್ಣದು, ಒದ್ದೆ, ಒಂದು ಹಿಡಿಯಲ್ಲಿ ಮುಚ್ಚಿಹೋಗುವಷ್ಟು. ಆಮೇಲೆ ಸೂಜಿ ನನ್ನ ಕೈಗೆ ಕೊಟ್ಟರು, ಕುತ್ತಿಗೆಯ ಚರ್ಮಕ್ಕೆ ಉಸಿರಿನ ಕೊಳವೆಯನ್ನು ಸುತ್ತಲೂ ಹೊಲಿದವಳು ನಾನು, ಒಂದೊಂದು ಹೊಲಿಗೆಯೂ ಒಂದೇ ಅಳತೆ, ಸರ್ ಬಗ್ಗಿ ನೋಡಿ ಚೆನ್ನಾಗಿ ಕೂತಿದೆ ಅಂದರು, ಅವರು ಹಾಗೆ ಅನ್ನುವುದು ವರ್ಷಕ್ಕೊಂದು ಸಲ. ಆ ದಿನ ಮಧ್ಯಾಹ್ನ ಬಿರಿಯಾನಿ ತಿಂದೆ. ಅಮ್ಮನಿಗೆ ನಾನಾಗಿಯೇ ಫೋನ್ ಮಾಡಿದೆ, ದೊಡ್ಡ ಆಪರೇಷನ್ ಮಾಡಿದೆ ಇವತ್ತು ಅಂದೆ, ಅಮ್ಮ ಒಳ್ಳೇದಾಯ್ತು ಕಣವ್ವ, ಪಾಪ ಯಾರೋ, ಬದುಕ್ಕಂಡ್ರಲ್ಲ ಅಂದಳು. ಖುಷಿಯಾಗಿದ್ದೆ. ಅದನ್ನೂ ಒಪ್ಪಿಕೊಳ್ಳಬೇಕು, ಖುಷಿಯಾಗಿದ್ದೆ.

ಐದನೆಯ ದಿನ ಆಸ್ಪತ್ರೆಯ ಎದುರಿನ ಅಂಗಡಿಯಿಂದ ಮಕ್ಕಳ ಸ್ಲೇಟು ತಂದುಕೊಟ್ಟೆ, ಗೀಚಿದ್ದನ್ನು ಎಳೆದರೆ ಅಳಿಸಿಹೋಗುತ್ತಲ್ಲ ಅಂಥದ್ದು, ತಾತ, ಏನು ಬೇಕೋ ಬರೆದು ಅಜ್ಜಿಗೆ ತೋರಿಸಿ ಅಂದೆ. ಅವರು ಸ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು, ಸಿಟ್ಟಿರಲಿಲ್ಲ, ಇವಳಿಗೆ ಇಷ್ಟು ದಿನವೂ ಗೊತ್ತಾಗಿಲ್ಲವಲ್ಲ ಅನ್ನುವ ಆಶ್ಚರ್ಯ ಇತ್ತು. ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ನಿಧಾನಕ್ಕೆ ಬರೆದು ನನ್ನ ಕಡೆ ತಿರುಗಿಸಿದರು, ಇವಳಿಗೆ ಕಣ್ಣು ಕಾಣಲ್ಲ ತಾಯಿ. ಹತ್ತು ವರ್ಷವಾಯಿತಂತೆ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತುಹೋಗಿದೆ, ಆಮೇಲೆ ಕೇಳಿ ತಿಳಿದೆ, ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುವ ಕಣ್ಣು, ನೋಡಿದರೆ ತಾನೆ. ಕೈ ಹಿಡಿದುಕೊಂಡು ಬಂದದ್ದು, ಗಾಳಿಯಲ್ಲಿ ಕಾಯುತ್ತಿದ್ದ ಹೆಬ್ಬೆಟ್ಟು, ಚಟ್ನಿ ಎಡಗಡೀಕೈತೆ, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಮಲ್ಲಿಗಮ್ಮ ಪಕ್ಕದಿಂದ ಏನ್ ಬರ್ದವ್ರವ್ವ, ಓದು ವಸಿ ಅಂದರು. ಊಟ ಮಾಡು ಅಂತ ಬರೆದಿದಾರೆ ಅಜ್ಜಿ ಅಂದೆ. ಅವರು ನಕ್ಕು, ಆಗ್ಲೇ ಉಂಡೆ ಅಂತ ಯೋಳು ಅಂದರು — ಕೇಳುವ ಗಂಡ ಎದುರಿಗೇ ಕೂತಿದ್ದಾರೆ, ಆದರೂ ನನ್ನ ಮೂಲಕ ಹೇಳಿದರು. ಸಣ್ಣಯ್ಯ ಸ್ಲೇಟಿನ ಪಟ್ಟಿ ಎಳೆದರು. ಅಳಿಸಿಹೋಯಿತು. ಆಮೇಲಿನ ಒಂದು ವಾರ ನಾನು ಆ ವಾರ್ಡಿಗೆ ಹೋಗುವ ಕೆಲಸವನ್ನೆಲ್ಲ ಜಿತೇಂದ್ರನಿಗೆ ತಳ್ಳಿದೆ, ಥೀಸಿಸ್ ಬರೀಬೇಕು ಅಂದೆ, ಡಿಸ್ಚಾರ್ಜ್ ಆದ ದಿನವೂ ನಾನಿರಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳುವುದಕ್ಕೆ ಯಾರಿದ್ದರು. ಜಿತೇಂದ್ರ ಸಂಜೆ ಚನ್ನರಾಯಪಟ್ಟಣಕ್ಕೆ, ಹೆಂಡತಿಯ ಹತ್ತಿರಕ್ಕೆ, ಹೊರಟುಬಿಡುತ್ತಾನೆ, ಅಮ್ಮನಿಗೆ ಇದು ಅರ್ಥವಾಗುವುದಿಲ್ಲ, ಅಥವಾ ಅರ್ಥವಾಗಿಬಿಡುತ್ತದೆ, ಅದು ಇನ್ನೂ ಕಷ್ಟ.

ಗೊರೂರು. ಯಾರೋ ಇಳಿದರು, ಕಟ್ಟಾಯಕ್ಕೆ ಒಂದು ಅನ್ನುತ್ತ ಮೊರ ಹಿಡಿದ ಹೆಂಗಸು ಹತ್ತಿದಳು, ನನ್ನ ಪಕ್ಕ ಕೂತಳು, ಕುತ್ತಿಗೆಯಲ್ಲಿ ಥೈರಾಯ್ಡ್ ಸ್ವಲ್ಪ ಉಬ್ಬಿದೆ, ಹೇಳಬೇಕು, ಹೇಳಲಿಲ್ಲ. ಎರಡು ತಿಂಗಳ ತಪಾಸಣೆಗೆ ಸಣ್ಣಯ್ಯ ಬರಲಿಲ್ಲ, ಅದೇ ನೆಪವಾಯಿತು ನನಗೆ. ಕಡೆಯ ರಿಪೋರ್ಟಿತ್ತು, ರೋಗ ಪೂರ್ತಿ ಹೋಗಿದೆ, ಅಂಚುಗಳೆಲ್ಲ ಶುದ್ಧ, ಒಳ್ಳೆಯ ಸುದ್ದಿ ತಲುಪಿಸಬೇಕಲ್ಲ. ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿ ಟಾರ್ಚಿನಂಥ ಒಂದು ಯಂತ್ರವಿತ್ತು, ಕುತ್ತಿಗೆಗೆ ಒತ್ತಿ ಗುಂಡಿ ಅದುಮಿ ತುಟಿ ಆಡಿಸಿದರೆ ಅದು ಗುಂಯ್‌ಗುಟ್ಟಿ ಮಾತಾಗುತ್ತದೆ, ಹಿಂದಿನ ಯಾರೋ ರೋಗಿ ತೀರಿಕೊಂಡ ಮೇಲೆ ಮನೆಯವರು ಬಿಟ್ಟುಹೋದದ್ದು, ಸರ್‌ನ ಕೇಳಿ ತೆಗೆದುಕೊಂಡೆ, ಚಾರ್ಜ್ ಮಾಡಿದೆ, ನನ್ನ ಕುತ್ತಿಗೆಗೇ ಒತ್ತಿಕೊಂಡು ರೂಮಿನಲ್ಲಿ ಪ್ರಯತ್ನ ಮಾಡಿ ನೋಡಿದೆ. ಇವತ್ತು ಬೆಳಿಗ್ಗೆ ಹೋದೆ. ಕಾಲೊನಿಯ ಕೊನೆಯ ಮನೆ, ಶೀಟಿನದು, ಪಕ್ಕದಲ್ಲೇ ಮೈದುನನ ಮನೆ, ಬಾಗಿಲಿನಿಂದ ಬಚ್ಚಲಿಗೆ ಒಂದು ನೈಲಾನ್ ಹಗ್ಗ ಕಟ್ಟಿದ್ದರು, ಹಿಡಿದುಕೊಂಡು ಹೋಗುವುದಕ್ಕೆ, ಹೊಸ ಹಗ್ಗ. ಸಣ್ಣಯ್ಯ ನನ್ನನ್ನು ಕಂಡು ಎದ್ದು ಎರಡೂ ಕೈ ಮುಗಿದರು, ಆಮೇಲೆ ಹೆಂಡತಿಯ ಭುಜ ಎರಡು ಸಲ ತಟ್ಟಿದರು, ಯಾರೋ ಬಂದ್ರು ಅಂತ ಅರ್ಥವಿರಬೇಕು, ಯಾರು ಅಂತ ತಟ್ಟುವುದಕ್ಕೆ ಆಗುವುದಿಲ್ಲ. ನಾನು ಅಜ್ಜಿ, ಡಾಕ್ಟ್ರು ಅಂದೆ. ಮಲ್ಲಿಗಮ್ಮ ದನಿಯ ಕಡೆಗೆ ಮುಖ ತಿರುಗಿಸಿ, ಬಾರವ್ವ, ಬಾ, ಇಷ್ಟ್ ದೂರ ಬಂದ್ಯಾ ಅಂದರು. ರಿಪೋರ್ಟು ಹೇಳಿದೆ, ಇಬ್ಬರಿಗೂ ಸಂತೋಷವಾಯಿತು, ದೇವ್ರಂಥೋಳು ಅಂದರು ಮಲ್ಲಿಗಮ್ಮ, ಕಿವಿ ಸುಟ್ಟ ಹಾಗಾಯಿತು. ಯಂತ್ರ ತೆಗೆದು ಸಣ್ಣಯ್ಯನವರ ದವಡೆಯ ಕೆಳಗೆ ಒತ್ತಿ ತೋರಿಸಿದೆ, ಅಜ್ಜಿಯ ಹೆಸರು ಹೇಳಿ ತಾತ ಅಂದೆ. ಗುಂಯ್ ಅಂದಿತು, ಏರಿಳಿತವಿಲ್ಲದ ಆ ಸದ್ದಿನೊಳಗಿನಿಂದ ಮಲ್ಲಿ ಅನ್ನುವುದು ಹೊರಗೆ ಬಂತು, ನನಗಂತೂ ಸ್ಪಷ್ಟವಾಗಿ ಕೇಳಿಸಿತು. ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ಯಾರ್ ಬಂದ್ರು ಅಂದರು. ಸಣ್ಣಯ್ಯ ಇನ್ನೊಂದು ಸಲ ಒತ್ತಲಿಲ್ಲ. ಯಂತ್ರವನ್ನು ಅಂಗಿಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಆಮೇಲೆ ಹೆಬ್ಬೆರಳನ್ನು ಬಾಯಿಗೆ ತೋರಿಸಿ, ಏನಾದರೂ ಕುಡಿಯಲು ತರುತ್ತೇನೆ ಅಂತ ಸನ್ನೆ ಮಾಡಿ ಅಂಗಡಿಗೆ ಹೋದರು.

ಆಗ ಹೇಳಿದೆ. ಹೇಳಲೇಬೇಕು ಅಂತಲೇ ಹೋಗಿದ್ದೆ ಅಂತ ಈಗ ಅನ್ನಿಸುತ್ತಿದೆ, ಯಂತ್ರ ರಿಪೋರ್ಟು ಎಲ್ಲ ಬರೀ ಬಸ್ಸು ಹತ್ತುವುದಕ್ಕೆ. ಅಜ್ಜಿ, ಒಂದು ಮಾತು ಅಂದೆ, ಆಮೇಲೆ ಬಾಯಿಂದ ಆಸ್ಪತ್ರೆಯ ಕನ್ನಡ ಬರಲಿಲ್ಲ, ಎಂಬಿಬಿಎಸ್ ಹಾಸ್ಟೆಲಿನಲ್ಲಿ ಉಜ್ಜಿ ಉಜ್ಜಿ ತೆಗೆದುಹಾಕಿದ್ದ ನಮ್ಮ ಹೊಳೆನರಸೀಪುರದ ಮನೆಯ ಮಾತೇ ಬಂತು, ಇನ್ನೊಂದು ದಾರಿ ಇತ್ತು ಕಣಜ್ಜಿ, ಮೈಸೂರ್ಗೆ ಓಗಿ ಕರೆಂಟು ಇಡ್ಸೋದು, ನೀನೂ ಜತ್ಗೆ ಇರ್ಬೋದಿತ್ತು, ನಾನು ಸರ್ಯಾಗಿ ಯೋಳ್ಲಿಲ್ಲ, ನಂಗೆ ಆಪ್ರೇಸನ್ ಮಾಡ್ಬೇಕಿತ್ತು, ಕಲೀಬೇಕಿತ್ತು. ಅಂಗ್ ಮಾಡಿದ್ರೆ ಮಾತು ಉಳೀತಿತ್ತಾ ಅಂದರು ಮಲ್ಲಿಗಮ್ಮ. ಉಳೀಬೋದಿತ್ತು ಅಂದೆ, ಉಳೀದೇನೂ ಇರ್ಬೋದಿತ್ತು. ಅವರು ಹೊದ್ದಿದ್ದ ಸೆರಗಿನ ಅಂಚನ್ನು ಬೆರಳಿನಲ್ಲಿ ಮಡಿಸಿದರು, ಬಿಡಿಸಿದರು. ಬೈಯುತ್ತಾರೆ ಅಂತ ಕಾದೆ, ಅಳುತ್ತಾರೆ ಅಂತ ಕಾದೆ, ಓಗ್ಲಿ ಬುಡು ಅನ್ನುತ್ತಾರೆ ಅಂತಲೂ — ಹೌದು, ಅದಕ್ಕೂ ಕಾದೆ, ಅದಕ್ಕೇ ಹೆಚ್ಚು. ನಂಗ್ಯಾಕವ್ವ ಯೋಳ್ದೆ, ಅಂದರು. ಮೆಲ್ಲಗೆ. ನಲ್ವತ್ತು ವರ್ಸದಲ್ಲಿ ಅವ್ರಿಗ್ ಯೋಳ್ದೇ ಇರೋದು ಅಂತ ನಂತವ ಒಂದೂ ಇರ್ಲಿಲ್ಲ, ಇದ್ನ ಎಂಗ್ ಯೋಳನ, ಯೋಳಿದ್ರೆ ಅವ್ರು ಸತ್ತೋಗ್ತಾರೆ, ನಾನು ಒಪ್ಕಂಡಿದ್ಕೆ ಇವ್ಳಿಗಿಂಗಾಯ್ತು ಅಂತ. ನೀನು ಇಲ್ಲಿ ಬುಟ್ಟೋಗ್ತೀಯ, ನಾನು ಇಟ್ಕಂಡಿರ್ಬೇಕು. ನಾನು ತಪ್ಪಾಯ್ತು ಅಂದೆ. ಊಂ ಅಂದರು, ಅದು ಕ್ಷಮಿಸಿದ್ದಲ್ಲ, ಕೇಳಿಸಿತು ಅನ್ನುವುದು. ನಾನು ಒಬ್ಬಳೇ ಹೊತ್ತಿದ್ದುದನ್ನು ಇಳಿಸಲು ಜಾಗ ಹುಡುಕಿಕೊಂಡು ಎರಡು ಬಸ್ಸು ಹತ್ತಿ ಹೋಗಿ, ಅವರ ಮಡಿಲಿಗೇ ಇಳಿಸಿದೆ, ಗಂಡನ ಹತ್ತಿರವೂ ಬಾಯಿ ಬಿಡದ ಹಾಗೆ ಮಾಡಿದೆ.

ಸಣ್ಣಯ್ಯ ಬಂದರು, ಕೈಯಲ್ಲಿ ಸೋಡಾ ಬಾಟಲಿ, ಚಪ್ಪಲಿ ಬಿಟ್ಟ ಸದ್ದಿಗೆ ಮಲ್ಲಿಗಮ್ಮ ಬಲಗೈ ಎತ್ತಿದರು, ಅವರು ಪಕ್ಕ ಕೂತು ಕುತ್ತಿಗೆಗೆ ಸುತ್ತಿದ್ದ ಬಟ್ಟೆ ಸರಿಸಿ ಬಗ್ಗಿದರು, ದಿನಾ ಮಾಡುವ ಕೆಲಸದ ಹಾಗೆ, ಮಲ್ಲಿಗಮ್ಮ ಅಂಗೈಯನ್ನು ಅವರ ಕುತ್ತಿಗೆಯ ಆ ತೂತಿನ ಎದುರಿಗೆ ಹಿಡಿದರು. ಮುಟ್ಟಲಿಲ್ಲ, ಎರಡು ಬೆರಳಿನಷ್ಟು ದೂರ, ಬೆರಳು ಬಿಡಿಸಿಕೊಂಡು. ನಾನು ಹೊಲಿದ ತೂತು, ಅಂಚೆಲ್ಲ ಚೆನ್ನಾಗಿ ಕೂಡಿಕೊಂಡಿತ್ತು. ಒಳಗಿನ ಗಾಳಿ ಬಂದು ಅಂಗೈಗೆ ತಾಗುವುದು ನನಗೂ ತಿಳಿಯುತ್ತಿತ್ತು, ಬಂದದ್ದು ಗಂಡನೇ ಅಂತ ಅವರಿಗೆ ಗೊತ್ತಾಯಿತು, ಬೇರೆ ದಿನವಾಗಿದ್ದರೆ ಕೈ ಇಳಿಸುತ್ತಿದ್ದರೇನೋ, ಇವತ್ತು ಇಳಿಸಲಿಲ್ಲ, ಹಿಡಿದುಕೊಂಡೇ ಇದ್ದರು, ತುಟಿ ಬಿಗಿಯಾಗಿ ಮುಚ್ಚಿತ್ತು. ಸಣ್ಣಯ್ಯ ಆ ಕೈಯ ಮೇಲಿನಿಂದ ನನ್ನನ್ನು ನೋಡಿದರು, ಹುಬ್ಬು ಎತ್ತಿದರು, ಏನಾಯ್ತು ಇವಳಿಗೆ. ಏನಿಲ್ಲ ತಾತ ಅಂದೆ. ಸೋಡಾ ಕುಡಿದೆ, ಮೂಗಿಗೆ ಹತ್ತಿತು. ಬಸ್ಸಿಗೆ ಹೊತ್ತಾಯಿತು ಅಂದೆ. ಫೋನು ಅದುರುತ್ತಿದೆ, ಅಮ್ಮ, ಊಟ ಆಯ್ತಾ ಅನ್ನುತ್ತಾಳೆ, ಆಯ್ತು ವಾರ್ಡಿನಲ್ಲಿದೀನಿ ಅನ್ನಬೇಕು, ಅಥವಾ ಈ ಸಲ ಹೇಳಬೇಕು, ಅಮ್ಮ ನಾನು ಮಲ್ಲಿಪಟ್ಟಣಕ್ಕೆ ಹೋಗಿದ್ದೆ ಅನ್ನಬೇಕು, ಹೇಳಿದರೆ ಅವಳೂ ಇಟ್ಟುಕೊಳ್ಳಬೇಕಲ್ಲ — ನಿಂತಿತು, ಅದುರುವುದು ನಿಂತಿತು. ಪಕ್ಕದ ಹೆಂಗಸು ಕಟ್ಟಾಯದಲ್ಲಿ ಇಳಿದುಹೋದಳು, ಥೈರಾಯ್ಡ್ ಬಗ್ಗೆ ಹೇಳಲೇ ಇಲ್ಲ. ಆರಕ್ಕೆ ಡ್ಯೂಟಿ, ಜಿತೇಂದ್ರ ಕಾಯುತ್ತಿರುತ್ತಾನೆ, ನಾಳೆ ಎಂಟಕ್ಕೆ ಥಿಯೇಟರ್, ಲಿಸ್ಟಿನಲ್ಲಿ ಮೊದಲನೆಯದು ಕಿವಿಯ ತಮಟೆ, ರೇವಮ್ಮ, ಎಡ ಕಿವಿ, ಎರಡನೆಯದು ಮೂಗಿನ ಮೂಳೆ, ಮೂರನೆಯದು — ಮೂರನೆಯದು ಯಾರು, ಬೆಳಿಗ್ಗೆ ನೆನಪಿತ್ತು, ಆ ಅಂಗೈ, ಅಲ್ಲ, ಲಿಸ್ಟು, ಮೂರನೆಯದು ಥೈರಾಯ್ಡ್, ಇರಬೇಕು, ರಕ್ತ ಹೇಳಬೇಕು, ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ — ಬೆರಳು ಬಿಡಿಸಿಕೊಂಡ ಅಂಗೈ, ಗಾಳಿ ತಾಗುತ್ತದೆ, ನಿಲ್ಲುತ್ತದೆ, ತಾಗುತ್ತದೆ, ಅದರ ಮೇಲಿನಿಂದ ನನ್ನನ್ನೇ ನೋಡುವ ಎತ್ತಿದ ಹುಬ್ಬು, ಮುಚ್ಚಿದ ತುಟಿ, ರಕ್ತ ಎರಡು ಬಾಟಲಿ, ಎರಡು ಬೆರಳಿನಷ್ಟು ದೂರ, ಅಂಗೈ, ಇಳಿಸಲೊಲ್ಲದ ಆ ಅಂಗೈ